ತಗಡಿನ ಕೆಳಗಿನ ತಂತಿ

ಹೋದ ತಿಂಗಳು ಹೊಸಕೋಟೆಯಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಬೆಳಿಗ್ಗೆ ಅವಳು ಚಟ್ನಿಗೆ ಮಿಕ್ಸಿ ಹಾಕಿದ್ದಳು, ನಾನು ನಡುಮನೆಯಲ್ಲಿ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದೆ. ಒಂದು ವಾಸನೆ ಬಂತು. ಹಾಲು ಉಕ್ಕಿತೇನೋ ಎಂದು ಮಗಳು ಒಲೆಯ ಕಡೆ ನೋಡಿದಳು. ಹೊರಗೆ ಯಾರೋ ಕಸ ಸುಡುತ್ತಿರಬೇಕು ಎಂದು ಅಳಿಯ ಕಿಟಕಿ ಮುಚ್ಚಿದ. ನಾನು ಕೂತಲ್ಲಿಂದಲೇ, ಮೊದಲು ಮಿಕ್ಸಿಯ ಪ್ಲಗ್ ಕೀಳು ಎಂದೆ. ಅವಳು ಕಿತ್ತಳು, ಮುಟ್ಟಿ ನೋಡಿ ಕೈ ಕೊಡವಿಕೊಂಡಳು. ಅಮ್ಮನ ಮೂಗು ಬಲು ಚುರುಕು ಎಂದು ಇಬ್ಬರೂ ನಕ್ಕರು. ನನ್ನ ಮೂಗು ಅಂಥ ಚುರುಕೇನೂ ಅಲ್ಲ, ಸಾರು ಸೀದರೂ ಒಮ್ಮೊಮ್ಮೆ ಗೊತ್ತಾಗುವುದಿಲ್ಲ. ಆದರೆ ಈ ಒಂದು ವಾಸನೆಯ ಜೊತೆ ನಾನು ಒಂದು ವರ್ಷ ಸಂಸಾರ ಮಾಡಿದ್ದೇನೆ.

ಆಗ ನಾವು ದೊಡ್ಡಬಳ್ಳಾಪುರದಲ್ಲಿದ್ದೆವು. ಎಪ್ಪತ್ತರ ದಶಕದ ಮೊದಲ ವರ್ಷಗಳು. ನನಗೆ ಮದುವೆಯಾಗಿ ಇನ್ನೂ ಹೆಚ್ಚು ಕಾಲವಾಗಿರಲಿಲ್ಲ. ನನ್ನ ತವರು ತ್ಯಾಮಗೊಂಡ್ಲು. ಅಲ್ಲಿ ತೋಟದ ಪಕ್ಕ ಬೆಳೆದವಳಿಗೆ ಈ ಊರಿನ ಮಗ್ಗದ ಸದ್ದು ಮೊದಮೊದಲು ತಲೆ ಚಿಟ್ಟು ಹಿಡಿಸಿತ್ತು. ಕೈಮಗ್ಗ ಕಿತ್ತುಹಾಕಿ ಕರೆಂಟಿನ ಮಗ್ಗ ಕೂರಿಸುವ ಹುಚ್ಚು ಊರಿಗೆ ಊರನ್ನೇ ಹಿಡಿದಿದ್ದ ಕಾಲ ಅದು. ಮನೆಯ ಹಿತ್ತಿಲು ಖಾಲಿ ಇದ್ದವರೆಲ್ಲ ನಾಲ್ಕು ಗೋಡೆ ಎಬ್ಬಿಸಿ, ಮೇಲೆ ತಗಡು ಹೊದಿಸಿ ಶೆಡ್ಡು ಮಾಡುತ್ತಿದ್ದರು. ಆ ಶೆಡ್ಡುಗಳಿಗೆ ವೈರಿಂಗ್ ಮಾಡುವುದು ನಮ್ಮವರ ಕೆಲಸ. ಗಂಡನ ಹೆಸರು ಹಿಡಿದು ಕರೆಯುವ ಅಭ್ಯಾಸ ನನಗಿಲ್ಲ, ಇಲ್ಲಿಯೂ ನಮ್ಮವರು ಎಂದೇ ಬರೆಯುತ್ತೇನೆ. ತಂತಿಯ ಮೇಲಿನ ರಬ್ಬರನ್ನು ಹಲ್ಲಿನಿಂದಲೇ ಕಿತ್ತು ಕಿತ್ತು ಅವರ ಮುಂದಿನ ಹಲ್ಲೊಂದರ ಮೂಲೆ ಸವೆದಿತ್ತು. ನಕ್ಕರೆ ಅದೇ ಮೊದಲು ಕಾಣುತ್ತಿತ್ತು, ನನಗೆ ಅದು ಇಷ್ಟವಾಗಿತ್ತು.

ಆ ವರ್ಷ ಮಳೆ ಕೈಕೊಟ್ಟಿತು. ಅಣೆಕಟ್ಟೆಯಲ್ಲಿ ನೀರಿಲ್ಲವೆಂದು ಕರೆಂಟು ಕಡಿತ ಶುರುವಾಯಿತು. ದಿನಕ್ಕೆ ನಾಲ್ಕು ಗಂಟೆ ಬಂದರೆ ಪುಣ್ಯ. ಬಂದ ಕೂಡಲೆ ಊರಿನ ಮಗ್ಗಗಳೆಲ್ಲ ಒಟ್ಟಿಗೆ ಬಡಿದುಕೊಳ್ಳಲು ಶುರುಮಾಡಿದರೆ ಮನೆಯ ಬಲ್ಬು ಕೆಂಪಗೆ ಮಂಕಾಗುತ್ತಿತ್ತು. ಈ ಮೋಟಾರುಗಳ ಬುದ್ಧಿಯೇ ವಿಚಿತ್ರ, ಓಲ್ಟೇಜು ಇಳಿದಷ್ಟೂ ಅವು ಕರೆಂಟನ್ನು ಜಾಸ್ತಿ ಎಳೆಯುತ್ತವೆ. ಆಗ ಫ್ಯೂಸು ಹೋಗುತ್ತದೆ. ಕೈಗೆ ಸಿಕ್ಕಿದ ನಾಲ್ಕು ಗಂಟೆಯಲ್ಲಿ ಫ್ಯೂಸು ಹೋದರೆ ಯಾರು ಸುಮ್ಮನಿರುತ್ತಾರೆ? ಶೆಡ್ಡಿನವರು ಫ್ಯೂಸಿಗೆ ಎರಡೆಳೆ, ಮೂರೆಳೆ ತಂತಿ ಸುತ್ತಿದರು. ಫ್ಯೂಸು ಉಳಿಯಿತು, ಗೋಡೆಯ ಮೇಲಿನ ತಂತಿ ಬೇಯತೊಡಗಿತು. ಬೀದಿಯಲ್ಲಿ ಓಡಾಡುವಾಗ ಆ ವಾಸನೆ ಮೂಗಿಗೆ ಬಡಿದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಮಗ್ಗ ಓಡುತ್ತಿದೆ ಎಂದಷ್ಟೇ ಅದರ ಅರ್ಥ.

ನಮ್ಮವರು ಶ್ರೀಕಂಠಯ್ಯ ಎನ್ನುವ ಕಂಟ್ರಾಕ್ಟರ ಕೈಕೆಳಗಿದ್ದರು. ಲೈಸೆನ್ಸು ಅವರದು, ಬೆವರು ನಮ್ಮವರದು. ಯುಗಾದಿ ಕಳೆದ ಮೇಲೆ ಒಂದು ದಿನ ಶ್ರೀಕಂಠಯ್ಯನವರು ಕರೆದು ಹೇಳಿದರಂತೆ, ಇನ್ನು ಮೇಲೆ ಸರ್ಕಾರದವರು ಬಿಗಿ ಮಾಡುತ್ತಾರೆ, ಪರ್ಮಿಟ್ ಇರುವ ವೈರ್‌ಮನ್ ಸೈನ್ ಹಾಕದೆ ಯಾವ ಶೆಡ್ಡಿಗೂ ಕನೆಕ್ಷನ್ ಕೊಡುವುದಿಲ್ಲ, ಬೆಂಗಳೂರಿಗೆ ಹೋಗಿ ಪರೀಕ್ಷೆ ಪಾಸು ಮಾಡಿಕೊಂಡು ಬಂದವರನ್ನು ಮಾತ್ರ ಇಟ್ಟುಕೊಳ್ಳುತ್ತೇನೆ ಎಂದು. ನಮ್ಮವರು ಓದಿದ್ದು ಮಿಡ್ಲ್ ಸ್ಕೂಲಿನವರೆಗೆ. ಅವರಿಗೆ ಬೇರೆ ಕಸುಬೂ ಗೊತ್ತಿರಲಿಲ್ಲ. ಅವರ ಹುಟ್ಟೂರಿನ ಜಮೀನಿನ ಪಾಲು ಅಣ್ಣಂದಿರ ಕೈಯಲ್ಲಿತ್ತು. ಪರ್ಮಿಟ್ ಬರದಿದ್ದರೆ ತಂತಿ ಕತ್ತರಿಸುವ ಪಕ್ಕಡ್ ಹಿಡಿದ ಕೈಗೆ ದೊಡ್ಡಬಳ್ಳಾಪುರದಲ್ಲಿ ಕೆಲಸವಿಲ್ಲ, ಅಷ್ಟೇ.

ಪರೀಕ್ಷೆಯ ಪುಸ್ತಕ ಬಂತು, ಇಂಗ್ಲಿಷಿನದು. ನಾನು ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ, ಲೆಕ್ಕದಲ್ಲಿ ಒಳ್ಳೆಯ ನಂಬರು ತೆಗೆದಿದ್ದೆ. ಮದುವೆಯ ಮಾತುಕತೆಯಲ್ಲಿ ನಮ್ಮಪ್ಪ ಅದನ್ನು ಹೇಳಿಕೊಂಡಾಗ, ಲೆಕ್ಕ ಕಟ್ಟಿಕೊಂಡು ಹೆಣ್ಣಿಗೇನಾಗಬೇಕು ಎಂದು ಗಂಡಿನ ಕಡೆಯವರು ಮೂಗು ಮುರಿದಿದ್ದರು. ಈಗ ಅದೇ ಲೆಕ್ಕ ಕೆಲಸಕ್ಕೆ ಬಂತು. ಬೆಳಿಗ್ಗೆ ಕಾಫಿ ಕುಡಿದ ಮೇಲೆ ಹಿತ್ತಿಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮುಂದೆ ಇಬ್ಬರೂ ಕೂರುತ್ತಿದ್ದೆವು. ನಾನು ಪುಸ್ತಕ ಓದಿ ಕನ್ನಡದಲ್ಲಿ ಹೇಳುವುದು, ಅವರು ಸೀಮೆಸುಣ್ಣದಲ್ಲಿ ಕಲ್ಲಿನ ಮೇಲೆ ಲೆಕ್ಕ ಮಾಡುವುದು. ಆಮೇಲೆ ನಾನು ಅದೇ ಕಲ್ಲಿನ ಮೇಲೆ ಬಟ್ಟೆ ಒಗೆದರೆ ಆವತ್ತಿನ ಪಾಠ ಮೋರಿಗೆ ಹೋಗುತ್ತಿತ್ತು.

ಪಾಠದ ತಿರುಳು ಇಷ್ಟೇ. ಮೋಟಾರು ಎಷ್ಟು ಆಂಪಿಯರ್ ಕರೆಂಟು ಎಳೆಯುತ್ತದೆ ಎಂದು ಮೊದಲು ಲೆಕ್ಕ ಹಾಕಬೇಕು. ಆಮೇಲೆ ಅಷ್ಟನ್ನು ತಡೆಯುವ ತಂತಿಯನ್ನು ಪಟ್ಟಿಯಲ್ಲಿ ಹುಡುಕಿ ಆರಿಸಬೇಕು. ಹೇಳುವುದಕ್ಕೆ ಸುಲಭ. ಆದರೆ ಪುಸ್ತಕದ ಮೋಟಾರು ಯಾವ ಊರಿನದೋ ಯಾರದೋ, ಅದರ ಲೆಕ್ಕ ಇವರ ತಲೆಗೆ ಇಳಿಯಲೇ ಇಲ್ಲ. ಭಾಗಿಸುವ ಕಡೆ ಗುಣಿಸುವರು, ಸೊನ್ನೆ ಬಿಡುವರು, ಕೊನೆಗೆ ಸೀಮೆಸುಣ್ಣ ಎಸೆದು ಎದ್ದು ಹೋಗುವರು. ಕೈಗೆ ತಂತಿ ಕೊಟ್ಟರೆ ಹಿಸುಕಿ ನೋಡಿ ಇಷ್ಟು ತಡೆಯುತ್ತದೆ ಎಂದು ಹೇಳುವ ಮನುಷ್ಯ. ಹಾಗೆ ಹಿಸುಕಿ ನೋಡಿಯೇ ಊರಿಗೆಲ್ಲ ವೈರಿಂಗ್ ಮಾಡಿದ್ದರು. ಕಸುಬಿನವರೆಲ್ಲ ಮಾಡುತ್ತಿದ್ದುದೂ ಹಾಗೆಯೇ.

ಒಂದು ದಿನ ನನಗೆ ರೇಗಿ, ಪುಸ್ತಕ ಮುಚ್ಚಿಟ್ಟು, ಬೀದಿ ಕೊನೆಯ ಗಂಗಣ್ಣನವರ ಶೆಡ್ಡಿನಲ್ಲಿ ಎಷ್ಟು ಮಗ್ಗ ಇವೆ ಎಂದು ಕೇಳಿದೆ. ಆರು ಎಂದರು. ಮಗ್ಗಕ್ಕೆ ಎಷ್ಟು ಆಂಪಿಯರ್? ಎರಡು. ಹಾಗಾದರೆ ಆರಕ್ಕೆ? ಕಲ್ಲು ಬೇಕಾಗಲಿಲ್ಲ, ಸೀಮೆಸುಣ್ಣವೂ ಬೇಕಾಗಲಿಲ್ಲ, ಬಾಯಲ್ಲೇ ಹೇಳಿಬಿಟ್ಟರು. ಅಲ್ಲಿಂದ ನಾನು ಪುಸ್ತಕದ ಲೆಕ್ಕಗಳನ್ನೆಲ್ಲ ಊರಿನ ಶೆಡ್ಡುಗಳಿಗೆ ತಿರುಗಿಸಿದೆ. ದಿನಕ್ಕೊಂದು ಶೆಡ್ಡು. ತಾವೇ ಕೈಯಾರೆ ತಂತಿ ಎಳೆದ ಜಾಗ ಎಂದರೆ ಅವರಿಗೆ ಗೋಡೆಯ ಮೊಳೆಯೂ ಕಣ್ಣಮುಂದೆ ಬರುತ್ತಿತ್ತು. ತಿಂಗಳೊಪ್ಪತ್ತಿನಲ್ಲಿ ಲೆಕ್ಕ ನೀರು ಕುಡಿದಂತಾಯಿತು. ನಾನು ಮೇಷ್ಟ್ರಮ್ಮ ಎಂದು ಬೀಗಿದೆ. ಸಾರಿಗೆ ಉಪ್ಪು ಹಾಕುವಾಗ ಈ ಲೆಕ್ಕ ಯಾಕೆ ತಪ್ಪುತ್ತದೆ ಎಂದು ಅವರು ಅಣಕಿಸಿದರು. ಆ ವರ್ಷದಲ್ಲಿ ನಾವು ಮನಸಾರೆ ನಕ್ಕಿದ್ದು ಆ ಒಂದು ತಿಂಗಳು ಮಾತ್ರ.

ಆಮೇಲೆ ಪುಸ್ತಕದಲ್ಲಿ ಬಿಸಿಯ ಪಾಠ ಬಂತು. ತಂತಿ ಇರುವ ಜಾಗ ಬಿಸಿಯಾಗಿದ್ದರೆ ಅದು ಪಟ್ಟಿಯಲ್ಲಿ ಹೇಳಿದಷ್ಟು ಕರೆಂಟು ತಡೆಯುವುದಿಲ್ಲ, ಬಿಸಿ ಏರಿದ ಹಾಗೆ ಇಷ್ಟಿಷ್ಟು ಕಡಿಮೆ ಮಾಡಿಕೊಳ್ಳಬೇಕು ಎಂದಿತ್ತು. ತಗಡಿನ ಕೆಳಗೆ ಎಷ್ಟು ಬಿಸಿ ಇರುತ್ತದೆ ಎಂದು ನಾನು ಕೇಳಿದೆ. ಅವರು ಸುಮ್ಮನೆ ನಕ್ಕರು.

"ಏಣಿ ಹತ್ತಿ ಅಲ್ಲಿ ತಲೆ ಇಟ್ಟವ್ರಿಗೇ ಗೊತ್ತು ಕಣೇ. ಬೆಳಿಗ್ಗೆ ಹತ್ತಕ್ಕೇ ನೆತ್ತಿ ಬೇಯ್ತದೆ. ತಗಡು ಮುಟ್ಟಿದ್ರೆ ಬೊಬ್ಬೆ."

ಪುಸ್ತಕದ ಪಟ್ಟಿಯ ಕೊನೆಯ ಸಾಲಿನಲ್ಲಿದ್ದ, ಎಲ್ಲಕ್ಕಿಂತ ಹೆಚ್ಚಿನ ಬಿಸಿಯನ್ನೇ ಹಿಡಿದೆವು. ಆವತ್ತಿನ ಲೆಕ್ಕ ಅವರ ಸೋದರಮಾವ ವೆಂಕಟಪ್ಪನವರ ಶೆಡ್ಡಿನದು. ಎಂಟು ಮಗ್ಗ, ಹದಿನಾರು ಆಂಪಿಯರ್. ಮಾವ ಇವರನ್ನು ಸಾಕಿದವರು, ಅಪ್ಪ ಸತ್ತ ಮೇಲೆ ಈ ಊರಿಗೆ ಕರೆತಂದು ಕಸುಬಿಗೆ ಹಚ್ಚಿದವರು. ಆ ಶೆಡ್ಡಿನ ವೈರಿಂಗ್ ಬಗ್ಗೆ ಇವರಿಗೆ ಒಂದು ಹೆಮ್ಮೆ ಇತ್ತು, ಮನೆಗೆ ಬಂದ ನೆಂಟರನ್ನು ಕರೆದುಕೊಂಡು ಹೋಗಿ ತೋರಿಸುತ್ತಿದ್ದರು. ಇಪ್ಪತ್ತು ಆಂಪಿಯರ್ ತಡೆಯುವ ತಂತಿ ಹಾಕಿದ್ದೇನೆ ಎಂದರು. ತಾಮ್ರದ್ದೋ ಅಲ್ಯೂಮಿನಿಯಮ್ಮೋ ಎಂದು ಕೇಳಿದೆ. ಅಲ್ಯೂಮಿನಿಯಂ ಎಂದರು. ಆಗ ತಾಮ್ರ ಸಿಗುವುದು ಕಷ್ಟವಾಗಿ ಎಲ್ಲ ಕಡೆ ಅಲ್ಯೂಮಿನಿಯಂ ತಂತಿ ಬಂದಿತ್ತು. ಕಸುಬಿನವರು ತಾಮ್ರದ್ದು ಎಷ್ಟು ದಪ್ಪ ಹಾಕುತ್ತಿದ್ದರೋ ಅಷ್ಟೇ ದಪ್ಪದ್ದು ಹಾಕಿಕೊಂಡು ಹೋಗುತ್ತಿದ್ದರು. ಕೈಗೆ ಹಿಸುಕಿದರೆ ಎರಡೂ ಒಂದೇ ಅಲ್ಲವೇ. ಆದರೆ ಅಷ್ಟೇ ದಪ್ಪದ ಅಲ್ಯೂಮಿನಿಯಂ ತಡೆಯುವುದು ಹದಿನೈದು ಎಂದು ಪುಸ್ತಕ ಹೇಳುತ್ತಿತ್ತು. ತಗಡಿನ ಬಿಸಿಗೆ ಅದರಲ್ಲಿ ಮೂರರಲ್ಲೊಂದು ಪಾಲು ಹೋಯಿತು. ಉಳಿದದ್ದು ಹತ್ತು. ಹತ್ತು ತಡೆಯುವ ತಂತಿಯ ಮೇಲೆ ಹದಿನಾರು ಓಡುತ್ತಿತ್ತು, ಓಲ್ಟೇಜು ಇಳಿದಾಗ ಇನ್ನೂ ಜಾಸ್ತಿ.

ನನ್ನ ಲೆಕ್ಕ ತಪ್ಪಿರಬೇಕು ಎಂದು ಅವರು ಮೊದಲಿಂದ ಮಾಡಿದರು. ಅದೇ ಬಂತು. ಗಂಗಣ್ಣನವರ ಶೆಡ್ಡಿಗೆ ಮಾಡಿದರು, ಅದೂ ಸಾಲದು. ಅದರ ಪಕ್ಕದ್ದು, ಆಚೆ ಬೀದಿಯದ್ದು, ಕೆರೆ ದಾರಿಯದ್ದು. ಮಧ್ಯಾಹ್ನವಾದರೂ ಕಲ್ಲಿನ ಮುಂದಿನಿಂದ ಏಳಲಿಲ್ಲ. ಯಾವ ಶೆಡ್ಡಿಗೂ ತಂತಿ ಸಾಲಲಿಲ್ಲ. ಆವತ್ತು ನಾನು ಬಟ್ಟೆ ಒಗೆಯಲಿಲ್ಲ.

ಮಾರನೆಯ ದಿನವೇ ಮಾವನ ಹತ್ತಿರ ಹೋದರು. ಇವರೊಬ್ಬರೇ ಹೋದರೆ ಮಾತು ಕೆಡುತ್ತದೆ ಎಂದು ನಾನೂ ಜೊತೆಗೆ ಹೋದೆ. ವೆಂಕಟಪ್ಪ ಮಾವ ಕೆಟ್ಟವರಲ್ಲ, ಅದನ್ನು ಹೇಳಲೇಬೇಕು. ನನಗೆ ಕುರ್ಚಿ ಹಾಕಿಸಿ ಮಜ್ಜಿಗೆ ಕೊಡಿಸಿದರು. ಇವರು ನಿಂತೇ ಹೇಳಿದರು, ತಂತಿ ಕಿತ್ತು ದಪ್ಪದ್ದು ಎಳೆಯಬೇಕು, ಶೆಡ್ಡು ಮೂರು ದಿನ ನಿಲ್ಲಬೇಕು, ಅಲ್ಲಿಯವರೆಗೆ ಐದು ಮಗ್ಗಕ್ಕಿಂತ ಹೆಚ್ಚು ಓಡಿಸಬಾರದು ಎಂದು. ಮಾವ ಮೇಲೆ ತಗಡಿನ ಕಡೆ ನೋಡಿದರು, ಆಮೇಲೆ ಇವರನ್ನು ನೋಡಿದರು.

"ಕರೆಂಟು ಬರೋದೇ ನಾಕು ಗಂಟೆ. ಎಂಟು ಮಗ್ಗ ಹಾಕ್ಸಿದ್ದು ನೀನೇ, ಈಗ ಐದು ಓಡ್ಸು ಅನ್ನೋನೂ ನೀನೇ. ಈ ತಂತಿ ಎಳ್ದೋರು ಯಾರಪ್ಪಾ?"

"ನಾನೇ ಮಾವ. ಆಗ ಗೊತ್ತಿರ್ಲಿಲ್ಲ."

"ಗೊತ್ತಿಲ್ದೆ ಎಳ್ದಿದ್ದು ಎರಡು ವರ್ಷದಿಂದ ಓಡ್ತಾ ಅದೆ. ಗೊತ್ತಾದ್ಮೇಲೆ ನಿಲ್ಸು ಅಂತೀಯ. ಹಂಗಾದ್ರೆ ಗೊತ್ತಿಲ್ದೆ ಇರೋದೇ ವಾಸಿ ಕಣೋ."

ನಾನು ಮಜ್ಜಿಗೆ ಲೋಟ ಕೆಳಗಿಟ್ಟೆ. ಇವರು ಮೇನ್ ಬೋರ್ಡಿನ ಹತ್ತಿರ ಹೋಗಿ, ಫ್ಯೂಸಿಗೆ ಸುತ್ತಿದ್ದ ಮೂರೆಳೆ ಬಿಚ್ಚಿ ಹತ್ತು ಆಂಪಿಯರಿಗೆ ಸರಿಯಾದ ಒಂದೆಳೆ ಕಟ್ಟಿ ಬಂದರು. ಕರೆಂಟು ಬಂತು, ಎಂಟು ಮಗ್ಗ ಶುರುವಾದವು, ಫ್ಯೂಸು ಹೋಯಿತು. ಮತ್ತೆ ಅದನ್ನೇ ಕಟ್ಟಿದರು, ಮತ್ತೆ ಹೋಯಿತು. ಮಗ್ಗದವರು ಕೈಕಟ್ಟಿಕೊಂಡು ನಿಂತರು. ಮಾವ ಗದರಲಿಲ್ಲ. ಬಾಗಿಲ ಹತ್ತಿರ ಬಂದು, ಹೆಂಡತಿಯನ್ನು ಕರೆದುಕೊಂಡು ಮನೆಗೆ ಹೋಗು ಎಂದಷ್ಟೇ ಹೇಳಿದರು. ನಾವು ಬೀದಿ ತಿರುಗುವಷ್ಟರಲ್ಲಿ ಎಂಟೂ ಮಗ್ಗಗಳ ಸದ್ದು ಕೇಳಿತು. ಯಾರೋ ಮೂರೆಳೆ ಕಟ್ಟಿದ್ದರು.

ನಮ್ಮವರು ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಬಿಡಲಿಲ್ಲ. ತಾವು ತಂತಿ ಎಳೆದ ಒಂದೊಂದು ಶೆಡ್ಡಿಗೂ ಹೋಗಿ ಇದೇ ಮಾತು ಹೇಳಿ ಬಂದರು. ಕೆಲವರು ನಕ್ಕರು, ಕೆಲವರು ಬಾಗಿಲಲ್ಲೇ ನಿಲ್ಲಿಸಿದರು. ಗಂಗಣ್ಣನವರು ಮಾತ್ರ ಪೂರ್ತಿ ಕೇಳಿಸಿಕೊಂಡು, ಸರಿ ಕಣಪ್ಪ, ಮಳೆ ಬರಲಿ ನೋಡೋಣ ಎಂದರಂತೆ. ಊರಿನಲ್ಲಿ ಇವರಿಗೆ ಲೆಕ್ಕದ ವೈರ್‌ಮನ್ ಎಂದು ಹೆಸರು ಬಿತ್ತು. ಅಂಗಡಿಗೆ ಹೋದರೆ, ಬೇಳೆ ತೂಗುವಾಗಲೂ ತಗಡಿನ ಬಿಸಿ ಕಳೆದು ತೂಗಲೋ ಎಂದು ಕೇಳುವವರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಶ್ರೀಕಂಠಯ್ಯನವರು ಮನೆಗೇ ಬಂದು, ನಿನ್ನ ಬಾಯಿಂದ ನನ್ನ ಲೈಸೆನ್ಸಿಗೆ ಕುತ್ತು ಬರುತ್ತದೆ, ಪರೀಕ್ಷೆ ಮುಗಿಯುವವರೆಗೆ ಕೆಲಸಕ್ಕೆ ಬರಬೇಡ ಎಂದು ಹೇಳಿ ಹೋದರು. ಹೋಗುವಾಗ ನನ್ನ ಕಡೆ ತಿರುಗಿ, ಅಮ್ಮಾ, ಇಷ್ಟೊಂದು ಓದಿಸಬೇಡಿ ಎಂದರು. ಓದಿಸಿದ್ದು ತಪ್ಪು ಎಂದು ನನಗೆ ಆವತ್ತೂ ಅನಿಸಲಿಲ್ಲ, ಇವತ್ತೂ ಅನಿಸುವುದಿಲ್ಲ.

ಶ್ರಾವಣವೂ ಒಣಗಿಯೇ ಹೋಯಿತು. ಕೆಲಸವಿಲ್ಲದ ಮನುಷ್ಯ ಮನೆಯಲ್ಲಿ ಹೇಗಿರುತ್ತಾನೆ ಎಂದು ನನಗೆ ಆಗ ಗೊತ್ತಾಯಿತು. ಬೆಳಿಗ್ಗೆಯಿಂದ ಹಿತ್ತಿಲಿನ ಕಲ್ಲಿನ ಮುಂದೆ ಕೂತಿರುವರು. ನಾನು ಪುಸ್ತಕದ ಬೇರೆ ಪಾಠ ತೆಗೆದರೆ ಕಿವಿಗೆ ಬೀಳುತ್ತಿರಲಿಲ್ಲ. ಯಾವ ಲೆಕ್ಕ ಕೊಟ್ಟರೂ ಮೊದಲು ತಗಡಿನ ಬಿಸಿ ಕಳೆಯುವರು. ಇದು ಮನೆಯ ದೀಪದ ಲೆಕ್ಕ, ಹೆಂಚಿನ ಮನೆ ಎಂದು ನಾನು ಹೇಳಿದರೆ ಹೂಂ ಎನ್ನುವರು, ಆದರೂ ಕಳೆದಿರುವರು. ಊಟ ಸೇರುತ್ತಿರಲಿಲ್ಲ. ದೂರದಲ್ಲಿ ಮಗ್ಗಗಳು ಶುರುವಾದರೆ ಸೀಮೆಸುಣ್ಣ ಕೆಳಗಿಟ್ಟು ಮೂಗೆತ್ತಿ ಗಾಳಿ ಹಿಡಿಯುವರು. ಆಗ ನನಗೆ ಭಯವಾಗುತ್ತಿತ್ತು. ಈ ಮನುಷ್ಯ ಪರೀಕ್ಷೆಯಲ್ಲಿ ಪಾಸಾಗುವುದಿಲ್ಲ ಎಂದು ಒಳಗೊಳಗೇ ಗೊತ್ತಾಗಿತ್ತು. ಹೊರಗೆ ಮಾತ್ರ ದೇವರಿಗೆ ಹರಕೆ ಹೊತ್ತೆ.

ಪರೀಕ್ಷೆಯ ದಿನ ಮೊದಲ ಬಸ್ಸಿಗೆ ಬೆಂಗಳೂರಿಗೆ ಹೋದರು. ಇಸ್ತ್ರಿ ಮಾಡಿದ ಬಿಳಿ ಷರಟು, ಬುತ್ತಿಗೆ ಚಿತ್ರಾನ್ನ. ಸಂಜೆ ಬಂದು ಕೈಕಾಲು ತೊಳೆದು ಜಗಲಿಯಲ್ಲಿ ಕೂತರು. ದೊಡ್ಡ ಪ್ರಶ್ನೆ ಏನು ಕೇಳಿದ್ದರು ಎಂದೆ. ಒಂದು ಕಲ್ಲಿನ ಕಟ್ಟಡ, ಅದರ ನೆಲಮಾಳಿಗೆಯಲ್ಲಿ ನೀರೆತ್ತುವ ಮೋಟಾರು, ಅದಕ್ಕೆ ಯಾವ ತಂತಿ ಎಂದು ಕೇಳಿದ್ದರಂತೆ. ಪಟ್ಟಿಯನ್ನೂ ಅವರೇ ಕೊಟ್ಟಿದ್ದರಂತೆ. ನನ್ನ ಜೀವಕ್ಕೆ ಸಮಾಧಾನವಾಯಿತು, ಕಣ್ಣುಮುಚ್ಚಿ ಮಾಡುವ ಲೆಕ್ಕ ಅದು. ಉತ್ತರ ಏನು ಬರೆದಿರಿ ಎಂದೆ. ಹೇಳಿದರು. ಬೇಕಾದದ್ದಕ್ಕಿಂತ ಎರಡು ಅಳತೆ ದಪ್ಪದ ತಂತಿ.

"ನೆಲಮಾಳಿಗೆಗೆ ತಗಡು ಎಲ್ಲಿಂದ ಬಂತು ರೀ?" ಎಂದೆ.

"ಬಂದ್ಬಿಡ್ತು ಕಣೇ. ಮೋಟಾರು ಅಂತ ಓದಿದ್ ತಕ್ಷಣ ಮಾವನ ಶೆಡ್ಡೇ ಕಣ್ಣಿಗೆ ಬಂತು. ತೆಳ್ಳಂದು ಬರ್ಯಕ್ಕೆ ಕೈ ಓಡ್ಲಿಲ್ಲ."

ಎಲ್ಲ ಪ್ರಶ್ನೆಗೂ ಹಾಗೆಯೇ ಮಾಡಿದ್ದರು. ಕಡಿಮೆ ದಪ್ಪದ್ದು ಯಾವುದನ್ನೂ ಬರೆದಿರಲಿಲ್ಲ. ಪ್ರಶ್ನೆ ಕೇಳಿದವರದು ಏನೂ ತಪ್ಪಿಲ್ಲ, ಅದು ತಂಪು ಜಾಗದ ಲೆಕ್ಕ, ಇವರು ಬಿಸಿಲಿನಲ್ಲಿ ಮಾಡಿ ಬಂದಿದ್ದರು. ಫೇಲ್ ಎಂದು ಬಂದಾಗ ಇವರು ಅಳಲಿಲ್ಲ, ನಾನು ಅತ್ತೆ. ಅಡುಗೆ ಮನೆಗೆ ಹೋಗಿ ಈರುಳ್ಳಿ ಹೆಚ್ಚುತ್ತಾ ಅತ್ತೆ, ಅದಕ್ಕೆಂದೇ ಆವತ್ತು ಈರುಳ್ಳಿ ಹುಳಿ ಮಾಡಿದೆ.

ಒಂದು ಮಾತು ಹೇಳಿಬಿಡುತ್ತೇನೆ, ಯಾವ ಶೆಡ್ಡಿಗೂ ಬೆಂಕಿ ಬೀಳಲಿಲ್ಲ. ತಂತಿಯ ರಬ್ಬರು ಒಣಗಿ ಪುಡಿಪುಡಿಯಾಗಿ ಉದುರುತ್ತಿತ್ತು, ವಾಸನೆ ಬರುತ್ತಿತ್ತು, ಮಗ್ಗ ಓಡುತ್ತಿತ್ತು. ಎಲ್ಲಪ್ಪಾ ನಿನ್ನ ಲೆಕ್ಕ ಎಂದು ದಾರಿಯಲ್ಲಿ ಕೇಳುವವರಿಗೆ ಇವರು ತಲೆ ತಗ್ಗಿಸಿ ದಾರಿ ಬಿಡುತ್ತಿದ್ದರು. ಯಾರ ಮನೆಗೂ ಬೆಂಕಿ ಬೀಳಲಿ ಎಂದು ನಾನು ಹಾರೈಸುವವಳಲ್ಲ. ಆದರೆ ಎಲ್ಲಾದರೂ ಒಂದು ಮೂಲೆಯಲ್ಲಿ ತಂತಿ ಸ್ವಲ್ಪ ಹೊತ್ತಿಕೊಂಡು, ಯಾರಿಗೂ ಏನೂ ಆಗದೆ ಆರಿಹೋದರೆ ಎಷ್ಟು ಚೆನ್ನ ಎಂದು ಅನಿಸಿದ್ದುಂಟು. ಅದೂ ಆಗಲಿಲ್ಲ.

ಚಳಿ ಶುರುವಾದ ಮೇಲೆ ಶ್ರೀಕಂಠಯ್ಯನವರು ಮತ್ತೆ ಬಂದರು. ಅವರಿಗೂ ಇವರ ಕೈಕೆಲಸ ಬಿಟ್ಟು ಬೇರೆಯವರದು ಒಗ್ಗಿರಲಿಲ್ಲ. ಇನ್ನೊಂದು ಪರೀಕ್ಷೆ ಬರುತ್ತಿದೆ, ಇವನಿಗೆ ಲೆಕ್ಕವೆಲ್ಲ ಬರುತ್ತದೆ, ಆ ತಗಡೊಂದನ್ನು ಮರೆತರೆ ಖಂಡಿತ ಪಾಸು, ಪರ್ಮಿಟ್ ಬಂದ ದಿನವೇ ಕೆಲಸಕ್ಕೆ ಹಾಕಿಕೊಳ್ಳುತ್ತೇನೆ ಎಂದು ನನ್ನ ಹತ್ತಿರ ಹೇಳಿ ಹೋದರು. ನನಗೆ ಹೋದ ಜೀವ ಬಂದಂತಾಯಿತು. ಇವರು ಸಂತೆಯಿಂದ ಬರುವುದನ್ನೇ ಕಾದು, ಕಾಫಿ ಕೊಟ್ಟು ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಬಯ್ಯುತ್ತಾರೇನೋ ಎಂದುಕೊಂಡಿದ್ದೆ, ಬಯ್ಯಲಿಲ್ಲ.

"ತಗಡು ಮರೆತು ಬರೆಯೋದೇನು ದೊಡ್ಡದಲ್ಲ, ಬರ್ದುಬಿಡ್ತೀನಿ ಸರೋಜ. ಪರ್ಮಿಟ್ಟೂ ಬರ್ತದೆ. ಆಮೇಲೆ ಸೈನ್ ಹಾಕ್ಬೇಕಲ್ಲ, ಈ ತಂತಿ ತಡೀತದೆ ಅಂತ. ಯಾವ ಶೆಡ್ಡಿಗೆ ಹಾಕ್ಲಿ, ನೀನೇ ಹೇಳು."

ನಾನು ಊರಿನ ಶೆಡ್ಡುಗಳನ್ನೆಲ್ಲ ಮನಸ್ಸಿನಲ್ಲೇ ಸುತ್ತಿ ಬಂದೆ. ಗಂಗಣ್ಣನವರದು, ಪಕ್ಕದ್ದು, ಆಚೆ ಬೀದಿಯದ್ದು, ಕೆರೆ ದಾರಿಯದ್ದು. ಹೊಸದಾಗಿ ಏಳುತ್ತಿದ್ದವಕ್ಕೂ ಅದೇ ತಂತಿ, ಅದೇ ತಗಡು. ಸೈನ್ ಹಾಕಬಹುದಾದ ಶೆಡ್ಡು ಒಂದೂ ಸಿಗಲಿಲ್ಲ. ಅವರು ಕಾಫಿ ಕುಡಿದು ಲೋಟ ಕೆಳಗಿಟ್ಟರು.

ಮುಂದಿನ ಸೋಮವಾರ ನಮ್ಮವರು ವೆಂಕಟಪ್ಪ ಮಾವನ ಶೆಡ್ಡಿಗೆ ಮಗ್ಗ ಓಡಿಸುವ ಕೂಲಿಗೆ ಹೋದರು. ಮಾವ ಏನೂ ಕೇಳದೆ ಏಳನೆಯ ಮಗ್ಗ ಕೊಟ್ಟರಂತೆ. ಕರೆಂಟು ಬಂತು, ಎಂಟೂ ಓಡಿದವು.